ಸಹಾಯ ಬೇಕು: ತಂಗಿಗೆ ವೈದ್ಯಕೀಯ ಸಂದರ್ಶನದ ಅಭ್ಯಾಸ ಮಾಡಿಸುವಿರಾ?

ನಮಸ್ಕಾರ. ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದವರು. ನನ್ನ ತಂಗಿಗೆ ಬ್ರಿಟನ್ನಿನ ವೈದ್ಯಕೀಯ ಕಾಲೇಜೊಂದರಿಂದ ಆನ್‌ಲೈನ್ ಸಂದರ್ಶನಕ್ಕೆ ಕರೆ ಬಂದಿದೆ. ನಮ್ಮಲ್ಲಿ ಎಂಬಿಬಿಎಸ್ ಎಂದರೆ ನೀಟ್ ಅಂಕ. ಸಂದರ್ಶನದ ಅನುಭವವಿರುವವರು ಸುತ್ತಮುತ್ತ ಸಿಗುತ್ತಿಲ್ಲ. ಇದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಎಂಎಂಐ (ಮಲ್ಟಿಪಲ್ ಮಿನಿ ಇಂಟರ್‌ವ್ಯೂ) ಪದ್ಧತಿ: ಕೆಲವೇ ನಿಮಿಷಗಳ ಹಲವು ಸುತ್ತುಗಳು, ಸುತ್ತಿಗೊಬ್ಬ ಪರೀಕ್ಷಕರು. ಒಂದರಲ್ಲಿ ನೈತಿಕ ಇಕ್ಕಟ್ಟು, ಇನ್ನೊಂದರಲ್ಲಿ ರೋಗಿಯ ಪಾತ್ರಧಾರಿಯೊಡನೆ ಮಾತುಕತೆ.

‘ವೈದ್ಯೆಯೇ ಏಕಾಗಬೇಕು?’ ಎಂದರೆ ಕಣ್ಣನ್ನು ಗೋಡೆಯ ಕ್ಯಾಲೆಂಡರಿನ ಮೇಲಿಟ್ಟು ಬಾಯಿಪಾಠ ಒಪ್ಪಿಸುತ್ತಾಳೆ. ಎಣ್ಮಕಜೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತನಾದ ಹುಡುಗನಿಗೆ ತಾಯಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದುದನ್ನು ಕಂಡ ದಿನದ ಬಗ್ಗೆ ಕೇಳಿದರೆ ಮಾತ್ರ ಮಾತು ತಾನಾಗಿ ಹರಿಯುತ್ತದೆ, ಅದೂ ಕನ್ನಡದಲ್ಲಿ. ಆ ಮಾತೇ ಇಂಗ್ಲಿಷಿನಲ್ಲೂ ಬರಬೇಕು.

ವೈದ್ಯರು, ದಾದಿಯರು ಯಾರಾದರೂ ಸಂಜೆ ಅರ್ಧ ಗಂಟೆ ವಿಡಿಯೊ ಕರೆಯಲ್ಲಿ ಪ್ರಶ್ನೆ ಕೇಳುವಿರಾ? ಹೊಗಳುವುದು ಬೇಡ, ನಡುವೆ ತಡೆದು ತಿದ್ದಿದರೆ ದೊಡ್ಡ ಉಪಕಾರ. ದಯವಿಟ್ಟು ಇಲ್ಲೇ ತಿಳಿಸಿ.