ಅಪ್ಪನ ಕಾಲಾನಂತರ ಜಮೀನಿಗೆ ತೆರಿಗೆ ಬಿದ್ದರೆ ಮಕ್ಕಳು ಉಳುತ್ತಾರಾ, ಮಾರುತ್ತಾರಾ?

ಹಸಿರುಬದು:
ಬ್ರಿಟನ್ನಿನ ರೈತರು 2024ರ ನವೆಂಬರ್ 19ರಂದು ಲಂಡನ್ನಿನಲ್ಲಿ ಬೀದಿಗಿಳಿದಿದ್ದರಲ್ಲ, ಆ ವಿಷಯ. ಅಲ್ಲಿ ತೀರಿಕೊಂಡವರ ಆಸ್ತಿಗೆ ತೆರಿಗೆ ಇದೆ, ಆದರೆ 1992ರಿಂದ ಕೃಷಿ ಜಮೀನಿಗೆ ಪೂರ್ತಿ ವಿನಾಯಿತಿ ಇತ್ತು. ಷರತ್ತಿಗೆ ಹೊಂದಿದರೆ ಸಾಕು, ಎಷ್ಟೇ ಬೆಲೆಬಾಳುವ ಜಮೀನೂ ತೆರಿಗೆಯಿಲ್ಲದೆ ಮಕ್ಕಳ ಕೈಸೇರುತ್ತಿತ್ತು. 2024ರ ಅಕ್ಟೋಬರ್ ಬಜೆಟ್‌ನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ಇದನ್ನು ಬದಲಿಸಿದರು. 10 ಲಕ್ಷ ಪೌಂಡ್ ದಾಟಿದ ಭಾಗಕ್ಕೆ ಶೇ 20 ತೆರಿಗೆ, 2026ರ ಏಪ್ರಿಲ್‌ನಿಂದ ಜಾರಿ ಅಂದರು. ಗಲಾಟೆ ಜೋರಾದ ಮೇಲೆ 2025ರ ಡಿಸೆಂಬರ್‌ನಲ್ಲಿ ಮಿತಿಯನ್ನು 25 ಲಕ್ಷ ಪೌಂಡಿಗೆ ಏರಿಸಿದರು. ನನ್ನ ಪ್ರಶ್ನೆ ಇಷ್ಟೇ. ಇಂಥ ತೆರಿಗೆ ನಿಜವಾಗಿಯೂ ಕುಟುಂಬದ ಜಮೀನನ್ನು ಒಡೆಯುತ್ತದಾ, ಅಥವಾ ಸುಮ್ನೆ ಹುಯಿಲಾ?

ಕಡ್ಡಿಪೈಲ್ವಾನ್:
ಒಡೆಯದೆ ಇನ್ನೇನು? ರೈತ ಕಾಗದದ ಮೇಲೆ ಕೋಟ್ಯಧೀಶ, ಕೈಯಲ್ಲಿ ಕಾಸಿರಲ್ಲ. ಅಂಗಡಿಯವನು ತೆರಿಗೆಗೆ ಸರಕು ಮಾರಬಹುದು. ರೈತ ಹೊಲದ ಮೂಲೆ ಕತ್ತರಿಸಿ ಕೊಡಬೇಕಾ?

ಲೆಕ್ಕದಪುಸ್ತಕ:
ನನ್ನ ಕೆಲಸವೇ ಇಂಥ ಲೆಕ್ಕ ಹಾಕುವುದು. ಒಂದು ಲೆಕ್ಕ ನೋಡಿ, ಆಮೇಲೆ ಜಗಳ ಆಡೋಣ.

ಒಬ್ಬರ ಹೆಸರಲ್ಲೇ 40 ಲಕ್ಷ ಪೌಂಡಿನ ಜಮೀನು ಇದೆ ಅಂದುಕೊಳ್ಳಿ. ಬೇಸಾಯದಿಂದ ಅದರ ಶೇ 1ರಷ್ಟು, ಅಂದರೆ ವರ್ಷಕ್ಕೆ 40 ಸಾವಿರ ಉಳಿಯುತ್ತದೆ. ಮೊದಲು ಹೇಳಿದ 10 ಲಕ್ಷದ ಮಿತಿ ಹಿಡಿದರೆ, ಉಳಿದ 30 ಲಕ್ಷಕ್ಕೆ 6 ಲಕ್ಷ ತೆರಿಗೆ. ಬಡ್ಡಿಯಿಲ್ಲದೆ 10 ವರ್ಷದ ಕಂತು ಕೊಟ್ಟಿದ್ದಾರೆ, ಸರಿ. ಆದರೆ ವರ್ಷಕ್ಕೆ 60 ಸಾವಿರ ಕಟ್ಟಬೇಕು, ದುಡಿಮೆ 40 ಸಾವಿರ! ಅಲ್ಲಿಗೆ ಕಥೆ ಮುಗಿಯಿತು, ಮಾರಲೇಬೇಕು. ಈಗಿನ 25 ಲಕ್ಷದ ಮಿತಿ ಹಿಡಿದರೆ ತೆರಿಗೆ 3 ಲಕ್ಷ, ಕಂತು 30 ಸಾವಿರ. ಕಷ್ಟ, ಆದರೆ ಸಾಯುವಷ್ಟಲ್ಲ. ಇನ್ನು ಗಂಡ ಹೆಂಡತಿ ಇಬ್ಬರ ಮಿತಿಯೂ ಸೇರಿದರೆ 50 ಲಕ್ಷ ಆಗುತ್ತದೆ. ಒಬ್ಬರು ಬಳಸದೆ ಬಿಟ್ಟದ್ದು ಇನ್ನೊಬ್ಬರಿಗೆ ಸಿಗುತ್ತದೆ. ಆಗ ತೆರಿಗೆ ಸೊನ್ನೆ.

ಜಮೀನು ಅದೇ, ಮಣ್ಣು ಅದೇ. ಮಿತಿ ಎಲ್ಲಿಟ್ಟರು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ತಿರುಗುಬಾಣ:
ಅಮೆರಿಕದಲ್ಲಂತೂ ಇದು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಅಲ್ಲಿ 2026ರಲ್ಲಿ ಒಬ್ಬರಿಗೆ 1.5 ಕೋಟಿ ಡಾಲರ್‌ವರೆಗೆ ಎಸ್ಟೇಟ್ ತೆರಿಗೆಯೇ, ಅಂದರೆ ತೀರಿಕೊಂಡವರ ಆಸ್ತಿ ಮೇಲಿನ ತೆರಿಗೆಯೇ ಇಲ್ಲ. ದಂಪತಿಗೆ 3 ಕೋಟಿ. ಅದನ್ನು ದಾಟಿದರೆ ಮಾತ್ರ ಶೇ 40. ಅಲ್ಲಿನ ಕೃಷಿ ಇಲಾಖೆಯ ಅಂದಾಜಿನಲ್ಲೇ ತೆರಿಗೆ ಕಟ್ಟುವ ಕೃಷಿ ಕುಟುಂಬಗಳು ನೂರಕ್ಕೆ ಒಂದೂ ಇಲ್ಲ. ಆದರೂ ಪ್ರತಿ ಚುನಾವಣೆಯಲ್ಲೂ ಟ್ರಾಕ್ಟರ್ ಪಕ್ಕ ನಿಂತ ರೈತನ ಫೋಟೊ! ಆ ಫೋಟೊ ಹಿಂದೆ ನಿಂತಿರುವವರು ಬೇರೆ ಶ್ರೀಮಂತರು.

ಕಡ್ಡಿಪೈಲ್ವಾನ್:
ಈಗ 1.5 ಕೋಟಿ ಸರಿ. 2001ರಲ್ಲಿ ಎಷ್ಟಿತ್ತು ಹೇಳಿ? 6.75 ಲಕ್ಷ ಡಾಲರ್. ಮೇಲಿನ ದರ ಶೇ 55. ಆಗ ಅತ್ತವರೂ ಸುಳ್ಳುಗಾರರಾ? ಮಿತಿಯನ್ನು ಏರಿಸಿದವರೇ ಇಳಿಸಲೂಬಹುದು. ಜಮೀನು ಐವತ್ತು ವರ್ಷದ ಲೆಕ್ಕ, ಸರ್ಕಾರ ಐದು ವರ್ಷದ್ದು.

ತಿರುಗುಬಾಣ:
ಈ ಮಾತು ಒಪ್ಪಿದೆ. ಆದರೆ ಪೂರ್ತಿ ವಿನಾಯಿತಿಯಿಂದಲೂ ಒಂದು ಹಾನಿ ಇದೆ, ಅದನ್ನು ಯಾರೂ ಹೇಳಲ್ಲ. ಬ್ರಿಟನ್ನಿನಲ್ಲಿ ಹಳೇ ನಿಯಮದ ಪ್ರಕಾರ ಜಮೀನು ಕೊಂಡು ಸ್ವಂತ ಬೇಸಾಯವಾದರೆ 2 ವರ್ಷ, ಗುತ್ತಿಗೆಗೆ ಕೊಟ್ಟರೆ 7 ವರ್ಷ ಇಟ್ಟುಕೊಂಡರೆ ಸಾಕಿತ್ತು. ನೇಗಿಲು ಮುಟ್ಟದ ಹಣವಂತನೂ ತೆರಿಗೆ ತಪ್ಪಿಸಲು ಹೊಲ ಕೊಳ್ಳಬಹುದಿತ್ತು. ಅಂಥವರು ಬಂದರೆ ಬೆಲೆ ಏರುತ್ತದೆ. ಆಗ ಪಕ್ಕದ ರೈತನ ಮಗ ನಾಲ್ಕು ಎಕರೆ ಸೇರಿಸಿಕೊಳ್ಳೋಣ ಅಂದರೂ ಆಗಲ್ಲ. ಯಾರ ಹೆಸರಲ್ಲಿ ವಿನಾಯಿತಿ, ಯಾರಿಗೆ ಲಾಭ?

ಮೂರನೇಮಗಳು:
ಎಲ್ಲರೂ ಸರ್ಕಾರದ ಬಗ್ಗೆಯೇ ಮಾತಾಡ್ತಿದ್ದೀರಿ. ನಾನು ಮನೆಯೊಳಗಿನದ್ದು ಹೇಳ್ತೀನಿ.

ನಮ್ಮ ಜಮೀನಿಗೆ ಒಂದು ಪೈಸೆ ತೆರಿಗೆ ಬಿದ್ದಿಲ್ಲ. ಆದರೂ ಒಡೆಯಿತು. ನಾವು ನಾಲ್ವರು. ಉಳುತ್ತಿದ್ದವನು ಅಣ್ಣ ಒಬ್ಬನೇ. ಉಳಿದ ಮೂವರ ಪಾಲಿನ ಹಣ ಕೊಡಲು ಅವನು ಸಾಲ ತೆಗೆದ, ಸಾಲದ ಅರ್ಧಕ್ಕೆ ಕೆಳಗಿನ ಗದ್ದೆ ಮಾರಿದ. ನನ್ನ ಪಾಲು ನಾನೂ ತಗೊಂಡೆ, ಸುಳ್ಳೇಕೆ ಹೇಳಲಿ. ಅವನ ಪಾಲಿಗೆ ನಾವೇ ತೆರಿಗೆ ಇಲಾಖೆ ಆದೆವು.

ಅಪ್ಪನಿಗೆ ಎಂಬತ್ತು ದಾಟಿದರೂ ಕಾಗದಪತ್ರದ ಪೆಟ್ಟಿಗೆಯ ಕೀಲಿ ದಿಂಬಿನ ಕೆಳಗೇ ಇರುತ್ತಿತ್ತು. ಹಾಸಿಗೆ ಬಟ್ಟೆ ಬದಲಿಸುವಾಗ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಕೂರುತ್ತಿದ್ದರು. ಅಣ್ಣನಿಗೆ ಆಗ ಐವತ್ತೈದು. ಬೀಜ ತರಲೂ ಅಪ್ಪನ ಸಹಿ ಬೇಕಿತ್ತು. "ನಾನಿರುವ ತನಕ" ಅನ್ನುವ ಮಾತು ಕೇಳಿ ಕೇಳಿ ನಮಗೆ ಬಾಯಿಪಾಠ ಆಗಿತ್ತು.

ಲೆಕ್ಕದಪುಸ್ತಕ:
ಮೂರನೇಮಗಳು ಅವರೇ, ಆ ಕೀಲಿಯನ್ನು ಹಾಗೆ ಹಿಡಿದಿಡಿಸುವುದರಲ್ಲಿ ತೆರಿಗೆ ಕಾನೂನಿನ ಕೈಯೂ ಇದೆ. ಅಮೆರಿಕದಲ್ಲಿ ಅಪ್ಪ ಬದುಕಿದ್ದಾಗಲೇ ಮಗನಿಗೆ ಜಮೀನು ಕೊಟ್ಟರೆ, ಅಪ್ಪ ಕೊಂಡ ಹಳೇ ಬೆಲೆಯೇ ಮಗನ ಲೆಕ್ಕಕ್ಕೆ ಬರುತ್ತದೆ. ಮುಂದೆ ಮಾರಿದರೆ ಅಷ್ಟೂ ವರ್ಷದ ಲಾಭಕ್ಕೆ ತೆರಿಗೆ. ಅಪ್ಪ ತೀರಿಕೊಂಡ ಮೇಲೆ ಬಂದರೆ ಆ ದಿನದ ಮಾರುಕಟ್ಟೆ ಬೆಲೆಯೇ ಹೊಸ ಬೆಲೆ, ಹಳೇ ಲಾಭ ಅಳಿಸಿಹೋಗುತ್ತದೆ. ಇನ್ನು ಯಾವ ಸಲಹೆಗಾರ ತಾನೇ "ಈಗಲೇ ಕೊಡಿ" ಅನ್ನುತ್ತಾನೆ?

ಬ್ರಿಟನ್ನಿನಲ್ಲಿ ಈಗ ಉಲ್ಟಾ ಆಗಿದೆ. ಕೊಟ್ಟ ಮೇಲೆ 7 ವರ್ಷ ಬದುಕಿದರೆ ತೆರಿಗೆ ಇಲ್ಲ. ಆದರೆ ಕೊಟ್ಟ ಹೊಲದ ಆದಾಯವನ್ನು ಮೊದಲಿನಂತೆಯೇ ತಿನ್ನುವ ಹಾಗಿಲ್ಲ, ತಿಂದರೆ ಅದು ಕೊಟ್ಟ ಲೆಕ್ಕಕ್ಕೇ ಬರಲ್ಲ. ಐವತ್ತೈದರವರಿಗೆ ಇದು ಸರಿ. ಎಂಬತ್ತೆರಡರ ಅಜ್ಜನಿಗೆ "ಇನ್ನು 7 ವರ್ಷ ಗಟ್ಟಿಯಾಗಿರಿ, ಆದಾಯವನ್ನೂ ಬಿಡಿ" ಅಂತ ಹೇಗೆ ಹೇಳುವುದು? ನಿಜ ಹೇಳಬೇಕೆಂದರೆ ಅಲ್ಲಿನ ರೈತರ ಸಿಟ್ಟಿನಲ್ಲಿ ನನಗೆ ನ್ಯಾಯ ಕಂಡದ್ದು ಇಲ್ಲಿ.

ಹಸಿರುಬದು:
ಹಾಗಾದರೆ ಉಳುವ ತನಕ ತೆರಿಗೆ ಬೇಡ, ಮಾರಿದ ದಿನ ವಸೂಲು ಮಾಡಿ ಅಂದರೆ?

ಲೆಕ್ಕದಪುಸ್ತಕ:
ಅದಕ್ಕೆ ಹತ್ತಿರದ್ದು ಇದೆ. ಜಪಾನಿನಲ್ಲಿ ವಾರಸುದಾರ ಬೇಸಾಯ ಮುಂದುವರಿಸಿದರೆ ಜಮೀನಿನ ತೆರಿಗೆಯ ಬಹುಪಾಲು ಮುಂದಕ್ಕೆ ಹೋಗುತ್ತದೆ. ನಡುವೆ ನಿಲ್ಲಿಸಿದರೆ ಬಡ್ಡಿ ಸಮೇತ ಕಟ್ಟಬೇಕು. ಅಮೆರಿಕದಲ್ಲೂ ಜಮೀನನ್ನು ಮಾರುಕಟ್ಟೆ ಬೆಲೆಗಲ್ಲದೆ ಬೇಸಾಯದ ಬೆಲೆಗೆ ಅಳೆಯುವ ದಾರಿ ಇದೆ. ಆದರೆ 10 ವರ್ಷದೊಳಗೆ ಹೊರಗಿನವರಿಗೆ ಮಾರಿದರೆ ಉಳಿಸಿದ ತೆರಿಗೆ ವಾಪಸ್.

ಕಡ್ಡಿಪೈಲ್ವಾನ್:
ಅಂದರೆ ಉಳುವವನ ಕಾಲಿಗೆ ಸರಪಳಿ. ಮಗನ ಬೆನ್ನು ಮುರಿದರೆ? ಮಳೆ ಮೂರು ವರ್ಷ ಕೈಕೊಟ್ಟರೆ? ಬಿಡುವ ಹಾಗೂ ಇಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಭಾರತದವರು ಜಾಣರು. 1953ರಲ್ಲಿ ಎಸ್ಟೇಟ್ ಡ್ಯೂಟಿ ತಂದರು, ದರ ಶೇ 85ರವರೆಗೆ ಏರಿಸಿದರು, 1985ರಲ್ಲಿ ವಿ.ಪಿ. ಸಿಂಗ್ ಹಣಕಾಸು ಸಚಿವರಾಗಿದ್ದಾಗ ಎತ್ತಿಹಾಕಿದರು.

ತಿರುಗುಬಾಣ:
ಎತ್ತಿದ್ದು ಬರುವ ಹಣಕ್ಕಿಂತ ತಾಪತ್ರಯವೇ ಜಾಸ್ತಿ ಅಂತ. ರೈತರ ಮೇಲಿನ ಪ್ರೀತಿಗಲ್ಲ. ಅಲ್ಲದೆ ತೆರಿಗೆ ಹೋಗಿ ನಲವತ್ತು ವರ್ಷ ಆಯಿತು, ಹಿಡುವಳಿ ಒಡೆಯುವುದು ನಿಂತಿದೆಯಾ? ಮೂರನೇಮಗಳು ಹೇಳಿದ್ದೇ ನನ್ನ ಉತ್ತರ.

ಮೂರನೇಮಗಳು:
ನನ್ನನ್ನು ನಿಮ್ಮ ಪಕ್ಷಕ್ಕೆ ಸೇರಿಸಬೇಡಿ. ನಮ್ಮಣ್ಣ ನಮಗೆ ಕಟ್ಟಿದ್ದರ ಮೇಲೆ ಸರ್ಕಾರಕ್ಕೂ ಕಟ್ಟಬೇಕಾಗಿದ್ದರೆ ಇಡೀ ಜಮೀನೇ ಹೋಗುತ್ತಿತ್ತು.

ಈಗಿನ ಸುದ್ದಿ ಏನೆಂದರೆ, ಅಣ್ಣನ ಮಗಳು ಓದು ಮುಗಿಸಿ ಬೇಸಾಯ ನಾನೇ ಮಾಡ್ತೀನಿ ಅಂತ ಬಂದಿದ್ದಾಳೆ. ಅಣ್ಣನಿಗೆ ಅರವತ್ತೊಂದು. ಹೋದ ತಿಂಗಳು ಅವಳ ಹೆಸರಿಗೆ ಸ್ವಲ್ಪವಾದರೂ ಮಾಡು ಅಂದೆ. "ನಾನಿರುವ ತನಕ..." ಅಂತ ಶುರುಮಾಡಿದ.

ಕಡ್ಡಿಪೈಲ್ವಾನ್:
ನಿಮ್ಮ ಅಣ್ಣನನ್ನೂ ಇಲ್ಲಿಗೆ ಕರೆಯಿರಿ. ಅವರ ಪರ ನಾನು ವಾದ ಮಾಡ್ತೀನಿ.