ಫ್ರೀಸ್ಟೈಲ್ ಡ್ರಿಲ್‌ಗಳು: ಕೋಚ್ ಮೇಡಂ ಅವರನ್ನು ಕೇಳಿ

ಮಂಡ್ಯ: ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವನು ನಾನು. ಈಗ 42. ಪೂಲ್‌ನಲ್ಲಿ 25 ಮೀಟರ್ ಮುಗಿಸೋಷ್ಟರಲ್ಲಿ ಏದುಸಿರು, ಕಾಲು ಮುಳುಗುತ್ತೆ. ಏನು ಮಾಡಲಿ ಮೇಡಂ?

ಕೋಚ್: ಬಾವಿಯಲ್ಲಿ ಕಲಿತವರು ತಲೆ ಎತ್ತಿಕೊಂಡೇ ಈಜುತ್ತಾರೆ. ತಲೆ ಎದ್ದರೆ ಸೊಂಟ ಇಳಿಯುತ್ತೆ, ಅದರ ಹಿಂದೆ ಕಾಲು. ಮೊದಲು ಪಕ್ಕಕ್ಕೆ ಮಲಗಿ ಕಿಕ್ ಮಾಡಿ. ಕೆಳಗಿನ ಕೈ ಮುಂದೆ, ಮೇಲಿನದು ತೊಡೆ ಮೇಲೆ, ಮುಖ ತಳದ ಟೈಲ್ಸ್ ಕಡೆ. ಆರು ಕಿಕ್ ಆದಮೇಲೆ ಒಂದು ಸ್ಟ್ರೋಕ್ ಹೊಡೆದು ಇನ್ನೊಂದು ಪಕ್ಕಕ್ಕೆ ಹೊರಳಿ. ನೀರೊಳಗೆ ಉಸಿರು ಬಿಡುತ್ತಾನೇ ಇರಿ, ಗುಳ್ಳೆ ನಿಲ್ಲಬಾರದು. ಉಸಿರು ತಗೊಳ್ಳುವಾಗ ಗಾಗಲ್‌ನ ಒಂದು ಗಾಜು ನೀರಲ್ಲೇ ಇರಲಿ.

ಹುಬ್ಬಳ್ಳಿ: ಕ್ಯಾಚ್-ಅಪ್ ಡ್ರಿಲ್ ಅಂದ್ರೆ ಏನ್ರೀ?

ಕೋಚ್: ಒಂದು ಕೈ ಮುಂದೆ ಬಂದು ಮುಟ್ಟೋವರೆಗೆ ಇನ್ನೊಂದು ಕೈ ಎಳೆಯಬಾರದು. ಮೊನ್ನೆಯೂ ಬರೆದಿದ್ದೆ.

ಹಾಸನ: ಮುಷ್ಟಿ ಬಿಗಿದು ಈಜೋದು ಯಾಕೆ?

ಕೋಚ್: ಅಂಗೈ ಬಿಟ್ಟು ಮೊಣಕೈ ಕೆಳಗಿನ ಭಾಗದಿಂದ ನೀರು ಹಿಡಿಯೋದು ಗೊತ್ತಾಗಲಿ ಅಂತ. 25 ಮೀಟರ್ ಮುಷ್ಟಿ, 25 ಬಿಚ್ಚಿದ ಕೈ.

ದಾವಣಗೆರೆ: ಕ್ಯಾಚ್-ಅಪ್ ಮಾಡಿದ್ರೆ ಸ್ಪೀಡ್ ಬರುತ್ತಾ?

ತುಮಕೂರು: ಮೇಡಂ, ಒಂದು ಫಾರ್ವರ್ಡ್ ಬಂದಿತ್ತು. ನೀರಿಗೆ ಇಳಿಯೋ ಮುಂಚೆ 30 ಸಲ ಜೋರಾಗಿ ಉಸಿರಾಡಿ, ಆಮೇಲೆ ಉಸಿರು ಹಿಡಿದು ನೀರೊಳಗೇ ಒಂದು ಲೆಂತ್ (ಪೂಲ್‌ನ ಈ ತುದಿಯಿಂದ ಆ ತುದಿಗೆ) ಹೋದರೆ ಶ್ವಾಸಕೋಶ ದೊಡ್ಡದಾಗುತ್ತೆ ಅಂತ. ಮಗನಿಗೆ 13 ವರ್ಷ, ಒಂದು ವಾರದಿಂದ ಮಾಡ್ತಿದ್ದಾನೆ. ನಿನ್ನೆ ಗೋಡೆ ಮುಟ್ಟಿದಾಗ ತುಟಿ ನೀಲಿ ಆಗಿತ್ತು, ಕರೆದರೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಸರಿಹೋದ. ದಿನಕ್ಕೆ ಎಷ್ಟು ಸಲ ಮಾಡಿಸಬಹುದು?

ಕೋಚ್: ಒಂದು ಸಲವೂ ಬೇಡ. ಇವತ್ತೇ ನಿಲ್ಲಿಸಿ. ಉಸಿರು ತಗೋಬೇಕು ಅನ್ನೋ ಒತ್ತಡ ಹುಟ್ಟಿಸೋದು ಮುಖ್ಯವಾಗಿ ಮೈಯಲ್ಲಿ ಏರುವ ಕಾರ್ಬನ್ ಡೈಆಕ್ಸೈಡ್. ಹಾಗೆ ಜೋರಾಗಿ ಉಸಿರಾಡಿದರೆ ಅದು ಇಳಿದುಬಿಡುತ್ತೆ, ಆದರೆ ಆಮ್ಲಜನಕ ಹೆಚ್ಚೇನೂ ಏರಲ್ಲ. ಹಾಗಾಗಿ ಉಸಿರು ಬೇಕು ಅನ್ನಿಸೋ ಮೊದಲೇ ಆಮ್ಲಜನಕ ತೀರಾ ಇಳಿದು ನೀರೊಳಗೇ ಎಚ್ಚರ ತಪ್ಪುತ್ತೆ. ಒದ್ದಾಡಲ್ಲ, ಕೂಗಲ್ಲ, ದಡದಲ್ಲಿ ನಿಂತವರಿಗೆ ಹುಡುಗ ಇನ್ನೂ ಪ್ರಾಕ್ಟೀಸ್ ಮಾಡ್ತಿದ್ದಾನೆ ಅಂತಲೇ ಕಾಣುತ್ತೆ. ಎದೆಮಟ್ಟದ ನೀರಲ್ಲೂ ಆಗುತ್ತೆ, ಚೆನ್ನಾಗಿ ಈಜುವವರಿಗೂ ಆಗುತ್ತೆ. ನಿನ್ನೆ ಆದದ್ದು ಸಣ್ಣದಲ್ಲ. ಡಾಕ್ಟರ್ ನೋಡೋವರೆಗೆ ಅವನನ್ನು ನೀರಿಗೆ ಇಳಿಸಬೇಡಿ. ಇಂಥ ಫಾರ್ವರ್ಡ್ ಬೇಡ ಅಂತ ಎಷ್ಟು ಸಲ ಹೇಳಲಿ? ಅದನ್ನು ಅಳಿಸಿ, ಕಳಿಸಿದವರಿಗೂ ಹೇಳಿ.

ಬೆಳಗಾವಿ: ಫ್ರೀಡೈವಿಂಗ್‌ನವರು ನಿಮಿಷಗಟ್ಟಲೆ ಉಸಿರು ಹಿಡಿತಾರಲ್ರೀ. ಸುಮ್ನೆ ಯಾಕೆ ಹೆದರಿಸ್ತೀರಿ?

ಉಡುಪಿ: ಅವರು ಒಬ್ಬರೇ ಇಳಿಯೋದಿಲ್ಲ ಮಾರಾಯ್ರೆ, ಪಕ್ಕದಲ್ಲೇ ತರಬೇತಿ ಆದವರು ಇರ್ತಾರೆ. ಇದು ಸಣ್ಣ ಹುಡುಗ.

ಬೆಳಗಾವಿ: ನಾವೆಲ್ಲ ಹೊಳೆಯಲ್ಲಿ ಮುಳುಗಿ ಆಡಿಕೊಂಡೇ ಬೆಳೆದವರು. ಏನಾಯ್ತು?

ಉಡುಪಿ: ನಮ್ಮೂರ ಕೆರೆಯಲ್ಲಿ ಆಯ್ತು. ಆ ಮನೆಯವರನ್ನು ಕೇಳಿ ಬನ್ನಿ.

ಮೈಸೂರು: ಜಗಳ ಬಿಡಿ ಪ್ಲೀಸ್. ನನಗೆ ಬಲ ಭುಜ ನೋವು, ಪ್ಯಾಡಲ್ (ಅಂಗೈಗೆ ಕಟ್ಟೋ ಪ್ಲಾಸ್ಟಿಕ್ ಹಲಗೆ) ಹಾಕಿ ಈಜಬಹುದಾ?

ಬೆಳಗಾವಿ: ಅನುಭವ ಹೇಳಿದರೆ ಜಗಳವಾ?

ದಾವಣಗೆರೆ: ಸ್ಪೀಡ್ ಬಗ್ಗೆ ಹೇಳಲೇ ಇಲ್ಲ ಮೇಡಂ.

ಕೋಚ್: ಕ್ಯಾಚ್-ಅಪ್ ಟೈಮಿಂಗ್‌ಗೆ. ಸಾಕು. ತುಮಕೂರಿನವರೇ, ನಿಲ್ಲಿಸಿದ್ರಾ?

ತುಮಕೂರು: ಅವರಪ್ಪನ ಜೊತೆ ಸಂಜೆ ಬ್ಯಾಚ್‌ಗೆ ಹೋಗಿಬಿಟ್ಟಿದ್ದಾನೆ. ಫೋನ್ ಮಾಡ್ತಿದೀನಿ, ತೆಗೀತಿಲ್ಲ.

ಕೋಚ್: ಪೂಲ್‌ ಆಫೀಸಿಗೆ ಮಾಡಿ. ಈಗಲೇ.

ತುಮಕೂರು: ತೆಗೆದರು. ಇನ್ನೂ ಬಟ್ಟೆ ಬದಲಾಯಿಸ್ತಿದ್ದನಂತೆ. ವಾಪಸ್ ಕರ್ಕೊಂಡು ಬರ್ತಿದ್ದಾರೆ.