ರಜೆಯಲ್ಲಿ ಇಂಟರ್ನ್‌ಶಿಪ್ ಮಾಡುವುದರಿಂದ ನಿಜಕ್ಕೂ ಏನು ಪ್ರಯೋಜನ? ಮಾಡಿದವರ ಅನುಭವಗಳು

ಕೇಳಿದವರು:
ನಾನು ವಾಣಿಜ್ಯ ಪದವಿಯ ಎರಡನೇ ವರ್ಷದ ವಿದ್ಯಾರ್ಥಿನಿ. ಪರೀಕ್ಷೆ ಮುಗಿದ ಮೇಲೆ ಸಿಗುವ ಎರಡು ತಿಂಗಳ ರಜೆಯಲ್ಲಿ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಇಂಟರ್ನ್‌ಶಿಪ್ ಮಾಡುವ ಅವಕಾಶ ಬಂದಿದೆ. ಆದರೆ ಭತ್ಯೆ ಇಲ್ಲ. ಅಷ್ಟೇ ಅವಧಿಯಲ್ಲಿ ಆನ್‌ಲೈನ್ ಕೋರ್ಸ್ ಮುಗಿಸಿದರೆ ಪ್ರಮಾಣಪತ್ರವಾದರೂ ಕೈಗೆ ಬರುತ್ತದೆ ಎಂದು ಗೆಳತಿಯರು ಹೇಳುತ್ತಿದ್ದಾರೆ. ಓದುತ್ತಿರುವಾಗಲೇ ಕೆಲಸದ ಸ್ಥಳವನ್ನು ಕಂಡುಬಂದವರು, ಯಾವ ವಿಷಯ ಓದಿದವರಾದರೂ ಸರಿ, ತಮ್ಮ ಅನುಭವವನ್ನು ದಯವಿಟ್ಟು ತಿಳಿಸಿ.

ಲೆಕ್ಕಪತ್ರ ವಿಭಾಗದಲ್ಲಿರುವ ಒಬ್ಬರು:
ನಾನು ನಿಮ್ಮ ಕ್ಷೇತ್ರದವನೇ ಆದ್ದರಿಂದ ಮೊದಲು ಬರೆಯುತ್ತಿದ್ದೇನೆ. ಭತ್ಯೆಯ ವಿಚಾರವನ್ನು ತಿಳಿದವರು ಹೇಳಲಿ. ಕಲಿಕೆಯ ದೃಷ್ಟಿಯಿಂದ ಮಾತ್ರ ಕೇಳಿದರೆ, ಹೋಗಿ ಎಂದೇ ಹೇಳುತ್ತೇನೆ.

ಬ್ಯಾಂಕ್ ರಿಕನ್ಸಿಲಿಯೇಷನ್ ಲೆಕ್ಕವನ್ನು, ಅಂದರೆ ನಮ್ಮ ನಗದು ಪುಸ್ತಕದ ಬಾಕಿಯನ್ನು ಬ್ಯಾಂಕ್ ತೋರಿಸುವ ಬಾಕಿಯೊಂದಿಗೆ ತಾಳೆ ನೋಡುವುದನ್ನು, ನೀವು ಈಗಾಗಲೇ ತರಗತಿಯಲ್ಲಿ ಬಿಡಿಸಿರುತ್ತೀರಿ. ಪಠ್ಯಪುಸ್ತಕದ ಲೆಕ್ಕದಲ್ಲಿ, ಇಂತಿಷ್ಟು ಮೊತ್ತದ ಚೆಕ್ ಬ್ಯಾಂಕಿಗೆ ಇನ್ನೂ ಹಾಜರಾಗಿಲ್ಲ, ಇಂತಿಷ್ಟು ಬ್ಯಾಂಕ್ ಶುಲ್ಕವನ್ನು ನಗದು ಪುಸ್ತಕದಲ್ಲಿ ಬರೆದಿಲ್ಲ ಎಂದು ವ್ಯತ್ಯಾಸದ ಕಾರಣಗಳನ್ನೆಲ್ಲ ಮೊದಲೇ ಕೊಟ್ಟಿರುತ್ತಾರೆ. ಕಚೇರಿಯಲ್ಲಿ ನಿಮ್ಮ ಮುಂದೆ ಇರುವುದು ಒಂದಕ್ಕೊಂದು ಹೊಂದದ ಎರಡು ಮೊತ್ತಗಳು ಮಾತ್ರ. ಕಾರಣವನ್ನು ನೀವೇ ಹುಡುಕಬೇಕು. ನಾನು ಇಂಟರ್ನ್ ಆಗಿದ್ದಾಗ ಹೀಗೆ 180ರ ವ್ಯತ್ಯಾಸವೊಂದು ಉಳಿದುಕೊಂಡಿತ್ತು. ಹಿರಿಯ ಸಹೋದ್ಯೋಗಿಯೊಬ್ಬರು ಬಂದು, ‘ಒಂಬತ್ತರಿಂದ ಭಾಗಿಸಿ ನೋಡಿ, ಶೇಷ ಉಳಿಯದಿದ್ದರೆ ಎಲ್ಲಿಯೋ ಅಂಕಿಗಳು ಸ್ಥಾನ ಬದಲಿಸಿರುವ ಸಾಧ್ಯತೆಯಿದೆ’ ಎಂದರು. ಹುಡುಕಿದಾಗ 5,640 ಎಂದಿರಬೇಕಾದ ಕಡೆ 5,460 ಎಂದು ನಮೂದಾಗಿರುವುದು ಸಿಕ್ಕಿತು. ವ್ಯತ್ಯಾಸದ ಅರ್ಧದಷ್ಟು ಮೊತ್ತದ ನಮೂದು ಇದೆಯೇ ಎಂದು ನೋಡುವುದನ್ನೂ ಅವರೇ ಕಲಿಸಿದರು, ಏಕೆಂದರೆ ಖರ್ಚಿಗೆ ಬರೆಯಬೇಕಾದ್ದನ್ನು ಜಮೆಗೆ ಬರೆದರೆ ವ್ಯತ್ಯಾಸವು ಆ ಮೊತ್ತದ ಎರಡರಷ್ಟಾಗುತ್ತದೆ. ಲೆಕ್ಕ ಬರೆಯುವವರಿಗೆಲ್ಲ ಇವು ಹಳೆಯ ಸಂಗತಿಗಳು, ಆದರೂ ನನ್ನ ಪಠ್ಯಕ್ರಮದಲ್ಲಿ ಇವೆರಡೂ ಇರಲಿಲ್ಲ.

ಇನ್ನೊಂದು ಲಾಭವು ಪತ್ರವ್ಯವಹಾರಕ್ಕೆ ಸಂಬಂಧಿಸಿದ್ದು. ‘ಕೆಲವು ಬಿಲ್ಲುಗಳು ಇಲ್ಲ, ಕಳುಹಿಸಿ’ ಎಂದು ಗ್ರಾಹಕರಿಗೆ ಬರೆದರೆ ಉತ್ತರವೇ ಬರುವುದಿಲ್ಲ; ದಿನಾಂಕ, ಮೊತ್ತ, ಪಾವತಿ ಪಡೆದವರ ಹೆಸರು, ಯಾವ ದಿನದೊಳಗೆ ಬೇಕು ಎಂಬುದನ್ನೆಲ್ಲ ನಮೂದಿಸಿ ವಿನಯದಿಂದ ಕೇಳಿದರೆ ಬರುತ್ತದೆ. ಆನ್‌ಲೈನ್ ಕೋರ್ಸ್ ತಂತ್ರಾಂಶವನ್ನು ಬಳಸುವ ಕ್ರಮವನ್ನು ಚೆನ್ನಾಗಿಯೇ ಕಲಿಸುತ್ತದೆ, ಅದನ್ನು ಮುಂದೆ ಯಾವಾಗ ಬೇಕಾದರೂ ಮಾಡಬಹುದು. ನೀವು ಬರೆದ ಪತ್ರವನ್ನು ತಿದ್ದಿ, ಏಕೆ ತಿದ್ದಿದೆ ಎಂದು ಹೇಳುವವರು ಪಕ್ಕದಲ್ಲಿರುವ ಅವಕಾಶ ಹಾಗಲ್ಲ.

ಕಟ್ಟಡ ನಿರ್ಮಾಣ ಕ್ಷೇತ್ರದ ಎಂಜಿನಿಯರ್ ಒಬ್ಬರು:
ಮೇಲಿನವರ ಮಾತನ್ನು ಒಪ್ಪುತ್ತೇನೆ. ಅವಧಿಯ ಬಗ್ಗೆ ಮಾತ್ರ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಕಾಂಕ್ರೀಟ್ ಹಾಕುವ ದಿನ ಅದೇ ಮಿಶ್ರಣದಿಂದ 150 ಮಿ.ಮೀ. ಅಳತೆಯ ಘನಗಳನ್ನು ಎರಕ ಹೊಯ್ದು, ನೀರಿನಲ್ಲಿಟ್ಟು, ಸಾಮಾನ್ಯವಾಗಿ 7ನೇ ಮತ್ತು 28ನೇ ದಿನ ಯಂತ್ರದಲ್ಲಿ ಒತ್ತಿ ಬಲವನ್ನು ಪರೀಕ್ಷಿಸುತ್ತಾರೆ. ಎರಡು ವಾರಕ್ಕೆಂದು ಬಂದ ವಿದ್ಯಾರ್ಥಿಯು ತನ್ನ ಕಣ್ಣೆದುರೇ ಹಾಕಿದ ಕಾಂಕ್ರೀಟಿನ 28ನೇ ದಿನದ ಫಲಿತಾಂಶವನ್ನು ಕಾಣದೆಯೇ ಹೊರಟುಹೋಗುತ್ತಾನೆ. ಕೆಲಸ ಸುಲಭವಾಗಲೆಂದು ಮಿಶ್ರಣಕ್ಕೆ ಇನ್ನಷ್ಟು ನೀರು ಹಾಕಿರೆಂದು ಕೆಲಸಗಾರರು ಕೇಳಿದಾಗ ಹೆಚ್ಚು ನೀರು ಬಲವನ್ನು ಕುಗ್ಗಿಸುವುದರಿಂದಲೇ ಸೈಟ್ ಎಂಜಿನಿಯರ್ ಖಡಾಖಂಡಿತವಾಗಿ ಬೇಡವೆನ್ನುತ್ತಾರೆ ಎಂಬುದು, ಘನಗಳು ಒಡೆಯುವುದನ್ನು ಯಂತ್ರದ ಬಳಿ ನಿಂತು ನೋಡಿದವರಿಗೆ ಇನ್ನೂ ಚೆನ್ನಾಗಿ ಮನದಟ್ಟಾಗುತ್ತದೆ. ಯಾವುದೇ ಕ್ಷೇತ್ರದಲ್ಲಿ ಒಂದು ಕೆಲಸದ ಆರಂಭದಿಂದ ಫಲಿತಾಂಶದವರೆಗೆ ಇರಲು ಸಾಧ್ಯವಾಗುವಷ್ಟು ಕಾಲಾವಕಾಶ ಬೇಕು. ನಿಮಗೆ ಎರಡು ತಿಂಗಳಿರುವುದರಿಂದ, ಒಂದು ತಿಂಗಳ ಲೆಕ್ಕವನ್ನಾದರೂ ಪೂರ್ತಿ ಮುಕ್ತಾಯಗೊಳಿಸುವ ಕೆಲಸದಲ್ಲಿ ತೊಡಗಿಸಿಕೊಳ್ಳುವಂತೆ ಕೇಳಿಕೊಳ್ಳಿ.

ಜೀವವಿಜ್ಞಾನ ಓದಿದವರು:
ನನಗಾದ ಲಾಭ ಬೇರೆ ರೀತಿಯದು. ಪ್ರಯೋಗಾಲಯದ ಸಂಶೋಧನೆಯೇ ನನ್ನ ದಾರಿ ಎಂದು ನಂಬಿದ್ದೆ. ಕೋಶಗಳನ್ನು ಬೆಳೆಸುವ ವಿಭಾಗದಲ್ಲಿ ಇಂಟರ್ನ್ ಆಗಿ ಸೇರಿದ ಮೇಲೆ, ಕೋಶಗಳಿಗೆ ರಜಾದಿನವಿಲ್ಲ, ಅವುಗಳ ಪೋಷಕದ್ರವವನ್ನು ವಾರಾಂತ್ಯದಲ್ಲಿಯೂ ಬದಲಿಸಬೇಕು ಎಂಬುದು ತಿಳಿಯಿತು. ಅದಕ್ಕಿಂತ ಮುಖ್ಯವಾಗಿ, ಪ್ರಯೋಗದ ನಂತರದ ಅಂಕಿಅಂಶಗಳ ವಿಶ್ಲೇಷಣೆಯಲ್ಲಿಯೇ ನನ್ನ ಮನಸ್ಸು ನಿಲ್ಲುತ್ತದೆ ಎಂದು ಅರಿವಾಯಿತು. ಸ್ನಾತಕೋತ್ತರ ಪದವಿಗೆ ಜೈವಿಕ ಸಂಖ್ಯಾಶಾಸ್ತ್ರವನ್ನು ಆರಿಸಿಕೊಂಡೆ. ಆ ರಜೆ ಇಲ್ಲದಿದ್ದರೆ ಈ ತಿಳಿವಳಿಕೆ ಬರುವ ಹೊತ್ತಿಗೆ ನಾನು ಇನ್ನೊಂದು ಪದವಿಯ ನಡುವೆ ಇರುತ್ತಿದ್ದೆ.

ಇಂಟರ್ನ್‌ಗಳಿಗೆ ಮಾರ್ಗದರ್ಶನ ನೀಡುವವರು:
ಓದು ಮತ್ತು ಕೆಲಸವನ್ನು ಹೆಣೆಯುವ ಆಲೋಚನೆ ಹೊಸದಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಅವರು 1906ರಲ್ಲಿಯೇ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತರಗತಿ ಮತ್ತು ಕಾರ್ಖಾನೆಗಳಲ್ಲಿ ಸರದಿಯಂತೆ ಕಾಲ ಕಳೆಯುವ ವ್ಯವಸ್ಥೆಯನ್ನು ಆರಂಭಿಸಿದರು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಶಿಕ್ಷಣವು 1957ರಲ್ಲಿ ಶುರುವಾದದ್ದೇ ಈ ಪದ್ಧತಿಯೊಂದಿಗೆ. ಕೆಲಸದಲ್ಲಿ ಎದುರಾದ ಪ್ರಶ್ನೆಯನ್ನು ಹೊತ್ತುಕೊಂಡು ತರಗತಿಗೆ ಮರಳುವ ವಿದ್ಯಾರ್ಥಿಯು ಅದೇ ಪಾಠವನ್ನು ಬೇರೆ ರೀತಿಯಲ್ಲಿ ಕೇಳುತ್ತಾನೆ ಎಂಬುದನ್ನು ನಾನೂ ಕಂಡಿದ್ದೇನೆ. ನಿಮಗೆ ಇನ್ನೂ ಒಂದು ವರ್ಷದ ಓದು ಬಾಕಿ ಇರುವಾಗ ಈ ಅವಕಾಶ ಬಂದಿರುವುದು ಒಳ್ಳೆಯದೇ ಆಯಿತು.

ಪ್ರಮಾಣಪತ್ರದ ಬಗ್ಗೆ ನೇರವಾಗಿ ಹೇಳುತ್ತೇನೆ. ಕೆಲಸಕ್ಕೆ ಅರ್ಜಿ ಹಾಕಿದವರನ್ನು ಸಂದರ್ಶಿಸುವಾಗ ನಾನು ಪ್ರಮಾಣಪತ್ರಗಳನ್ನು ಎಣಿಸುವುದಿಲ್ಲ. ‘ಅಲ್ಲಿ ನೀವು ಮಾಡಿದ ಒಂದು ಕೆಲಸವನ್ನು ವಿವರಿಸಿ’ ಎಂದು ಕೇಳುತ್ತೇನೆ. ಯಾವ ಕೆಲಸ ಕೊಟ್ಟರು, ಎಲ್ಲಿ ತೊಡಕಾಯಿತು, ಯಾರನ್ನು ಏನು ಕೇಳಿದಿರಿ, ಕೊನೆಗೆ ಅದನ್ನು ಯಾರು ಬಳಸಿದರು ಎಂದು ಕ್ರಮವಾಗಿ ಹೇಳಬಲ್ಲವರು ಕಡಿಮೆ. ಅದಕ್ಕಾಗಿ ಪ್ರತಿ ಸಂಜೆ ನಾಲ್ಕು ಸಾಲು ಬರೆದಿಡಿ. ಸೇರುವ ಮೊದಲೇ ನಿಮ್ಮ ಕೆಲಸವನ್ನು ನೋಡಿ ತಿದ್ದುವವರು ಯಾರು ಎಂದು ಕೇಳಿ. ಅದಕ್ಕೆ ಒಬ್ಬರ ಹೆಸರನ್ನು ಹೇಳಲಾಗದ ಸಂಸ್ಥೆಯಲ್ಲಿ ಎರಡು ತಿಂಗಳು ಜೆರಾಕ್ಸ್ ಮಾಡಿಸುವುದರಲ್ಲಿಯೇ ಕಳೆದುಹೋಗಬಹುದು. ಶಿಫಾರಸು ಪತ್ರವನ್ನು ಮಾತ್ರ ಅಲ್ಲಿಂದ ಹೊರಡುವ ವಾರದಲ್ಲಿಯೇ ಕೇಳಿ ಪಡೆಯಿರಿ, ವರ್ಷದ ನಂತರ ಕೇಳಿದರೆ ಬರೆಯುವವರಿಗೆ ವಿವರಗಳು ನೆನಪಿರುವುದಿಲ್ಲ.

ಕಾನೂನು ಓದಿದವರು:
ಭತ್ಯೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ, ಆದರೆ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2015ರಲ್ಲಿ ಕೇಳಿದ, ಅಲ್ಲಿನ ಕಾರ್ಮಿಕ ಇಲಾಖೆಯು 2018ರಲ್ಲಿ ಅನುಸರಿಸಿದ ಪ್ರಶ್ನೆಯು ಎಲ್ಲಿಯೂ ಕೇಳಿಕೊಳ್ಳಬೇಕಾದದ್ದು: ಈ ಸಂಬಂಧದಿಂದ ಮುಖ್ಯವಾಗಿ ಪ್ರಯೋಜನ ಪಡೆಯುವವರು ಯಾರು? ತರಬೇತಿ ಸಿಗುತ್ತಿದೆಯೇ, ಕೆಲಸವು ಓದಿಗೆ ಹೊಂದಿಕೊಂಡಿದೆಯೇ, ಸಂಬಳದ ನೌಕರರ ಕೆಲಸವನ್ನೇ ಸಂಬಳವಿಲ್ಲದೆ ಮಾಡಿಸಿಕೊಳ್ಳುತ್ತಿದ್ದಾರೆಯೇ ಎಂಬಂಥ ಅಂಶಗಳನ್ನು ಅಲ್ಲಿ ಪರಿಗಣಿಸುತ್ತಾರೆ. ಭತ್ಯೆ ಇಲ್ಲದಿದ್ದರೆ ಓಡಾಟದ ಖರ್ಚನ್ನಾದರೂ ಕೊಡುವಿರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಭತ್ಯೆಯಿಲ್ಲದ ಅವಕಾಶವನ್ನು ಮನೆಯ ಪರಿಸ್ಥಿತಿಯಿಂದಾಗಿ ಎಷ್ಟೋ ವಿದ್ಯಾರ್ಥಿಗಳು ಕೈಬಿಡಬೇಕಾಗುತ್ತದೆ, ಇದು ನನಗೆ ಬಹಳ ನೋವಿನ ಸಂಗತಿ. ಇನ್ನು ಇಂಟರ್ನ್‌ಶಿಪ್ ಕೊಡುವುದಕ್ಕೆ ನಿಮ್ಮಿಂದಲೇ ಹಣ ಕೇಳುವವರಿದ್ದರೆ, ಅಲ್ಲಿಗೆ ಹೋಗಲೇಬೇಡಿ.

ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಕಚೇರಿಯವರೊಂದಿಗೆ ಮಾತನಾಡಿದೆ. ಹಿರಿಯರೊಬ್ಬರ ಕೈಕೆಳಗೆ ಕೆಲಸ ಕೊಡುವುದಾಗಿಯೂ, ಓಡಾಟದ ಖರ್ಚನ್ನು ಭರಿಸುವುದಾಗಿಯೂ ಒಪ್ಪಿದ್ದಾರೆ, ಹಾಗಾಗಿ ಸೇರಲು ನಿರ್ಧರಿಸಿದ್ದೇನೆ. ಮಾಡಿದ ಕೆಲಸದ ಪ್ರತಿಯನ್ನು ಮುಂದೆ ಸಂದರ್ಶನದಲ್ಲಿ ತೋರಿಸಲು ಇಟ್ಟುಕೊಳ್ಳಬಹುದೇ?

ಸಾಫ್ಟ್‌ವೇರ್ ಕ್ಷೇತ್ರದ ಒಬ್ಬರು:
ದಯವಿಟ್ಟು ಹಾಗೆ ಮಾಡಬೇಡಿ. ಗ್ರಾಹಕರ ಲೆಕ್ಕಪತ್ರ ಗೋಪ್ಯವಾದದ್ದು. ನಮ್ಮ ಕ್ಷೇತ್ರದಲ್ಲಿಯೂ ಸಂಸ್ಥೆಯ ಕೋಡನ್ನು ಸ್ವಂತ ಖಾತೆಗೆ ಹಾಕಿಕೊಳ್ಳುವಂತಿಲ್ಲ. ಸಂಜೆ ಬರೆದಿಡುವ ಟಿಪ್ಪಣಿಯಲ್ಲಿಯೂ ಗ್ರಾಹಕರ ಹೆಸರು ಮತ್ತು ಮೊತ್ತಗಳು ಬೇಡ. ಅಲ್ಲಿ ಕಲಿತ ವಿಧಾನವನ್ನು ಕಾಲ್ಪನಿಕ ಅಂಕಿಗಳೊಂದಿಗೆ ನೀವೇ ಒಂದು ಹಾಳೆಯಲ್ಲಿ ಹೊಸದಾಗಿ ಸಿದ್ಧಪಡಿಸಿಕೊಳ್ಳಿ, ಅದನ್ನು ಮಾರ್ಗದರ್ಶಕರಿಗೆ ತೋರಿಸಿ ಅವರ ಒಪ್ಪಿಗೆ ಪಡೆದ ಮೇಲೆ ಸಂದರ್ಶನಕ್ಕೆ ಒಯ್ಯಿರಿ.